ದುಡಿಮೆಯನ್ನು ಅಳೆಯುವ ತಕ್ಕಡಿ

ದಾವಣಗೆರೆಯು ತಕ್ಕಡಿಯ ಊರು ಎಂದರೆ ಅತಿಶಯೋಕ್ತಿಯಾಗಲಾರದು. ಹತ್ತಿ, ಮೆಕ್ಕೆಜೋಳ, ಭತ್ತ, ಶೇಂಗಾ, ಮಂಡಕ್ಕಿ, ಬೆಣ್ಣೆ, ಹೀಗೆ ಈ ಊರಿನ ಮಾರುಕಟ್ಟೆಗೆ ಬಂದ ಯಾವ ಪದಾರ್ಥವೂ ತೂಗಿಸಿಕೊಳ್ಳದೆ ಹೊರಗೆ ಹೋಗುವುದಿಲ್ಲ. ತೂಕ ನಡೆಯುವಾಗ ಕೊಡುವವನೂ ಕೊಳ್ಳುವವನೂ ಇಬ್ಬರೂ ಮುಳ್ಳಿನ ಮೇಲೆ ಕಣ್ಣಿಟ್ಟಿರುತ್ತಾರೆ. ಇಂದು ಮುಳ್ಳಿನ ಬದಲಿಗೆ ಕೆಂಪು ಅಂಕಿಗಳು ಮಿನುಗುವ ವಿದ್ಯುತ್ ತಕ್ಕಡಿ ಬಂದಿದೆ. ಆದರೂ ಆ ಅಂಕಿಗಳನ್ನು ತನ್ನ ಕಡೆಗೆ ತಿರುಗಿಸಿಕೊಂಡು ನೋಡದೆ ಯಾವ ರೈತನೂ ತನ್ನ ಚೀಲವನ್ನು ಬಿಟ್ಟುಕೊಡುವುದಿಲ್ಲ. ಒಂದು ಚೀಲ ಮೆಕ್ಕೆಜೋಳದ ವಿಷಯದಲ್ಲಿ ಇಷ್ಟು ಎಚ್ಚರದಿಂದಿರುವ ನಾವು, ಮನುಷ್ಯನ ದುಡಿಮೆಯನ್ನು ತೂಗುವಾಗ ಮಾತ್ರ ತಕ್ಕಡಿಯನ್ನು ಒಬ್ಬರ ಕೈಗೇ ಒಪ್ಪಿಸಿ ಸುಮ್ಮನಿರುತ್ತೇವೆ. ಇದು ನ್ಯಾಯವೇ? ನ್ಯಾಯವಲ್ಲದಿದ್ದರೆ ನ್ಯಾಯವಾದ ಅಳತೆ ಹೇಗಿರಬೇಕು? ಈ ಪ್ರಶ್ನೆಯನ್ನು ನಮ್ಮ ಅಧ್ಯಾಪಕವರ್ಗದ ಮತ್ತು ಸಹಪಾಠಿಗಳ ಮುಂದಿಡುವುದೇ ಈ ಲೇಖನದ ಉದ್ದೇಶ.

"ಕಾರ್ಖಾನೆಯ ಲೆಕ್ಕಾಚಾರವು ಕಲಾ ವಿದ್ಯಾರ್ಥಿಗೆ ಏತಕ್ಕೆ?" ಎಂದು ಕೆಲವರು ಕೇಳಬಹುದು. ಅವರಿಗೆ ಎರಡು ಉತ್ತರಗಳುಂಟು. ಮೊದಲನೆಯದಾಗಿ, ದಾವಣಗೆರೆ ಹರಿಹರಗಳ ಸುತ್ತಿನ ನಮ್ಮಲ್ಲಿ ಅನೇಕರ ಮನೆಗಳಲ್ಲಿ ತಾತನೋ ತಂದೆಯೋ ಗಿರಣಿಯ ಸೀಟಿಗೆ ಎದ್ದು ಹೋದವರೇ. ಎರಡನೆಯದಾಗಿ, ಪದವಿ ಮುಗಿಸಿ ಹೊರಗೆ ಹೆಜ್ಜೆಯಿಟ್ಟ ದಿನದಿಂದ ನಾವೆಲ್ಲರೂ ಒಂದಲ್ಲ ಒಂದು ತಕ್ಕಡಿಯಲ್ಲಿ ಕುಳಿತುಕೊಳ್ಳಬೇಕಾದವರೇ. ಬೆಂಗಳೂರಿನ ಕಂಪನಿಗೆ ಹೋದವನಿಗೆ ವರ್ಷಕ್ಕೊಮ್ಮೆ ಶ್ರೇಣಿ, ಬ್ಯಾಂಕಿಗೆ ಹೋದವಳಿಗೆ ತಿಂಗಳ ಗುರಿ, ಮೋಟಾರು ಸೈಕಲ್ಲಿನ ಮೇಲೆ ಊಟ ತಲುಪಿಸುವವನಿಗೆ ಗಂಟೆಗಂಟೆಗೂ ನಕ್ಷತ್ರಗಳು. ನಮ್ಮನ್ನು ಅಳೆಯುವ ವಸ್ತು ಯಾವುದು, ಅದು ನೆಟ್ಟಗಿದೆಯೋ ಡೊಂಕಾಗಿದೆಯೋ ಎಂದು ಮೊದಲೇ ವಿಚಾರ ಮಾಡುವುದು ವಿದ್ಯಾವಂತರಾದವರ ಕರ್ತವ್ಯ.

ಅಳತೆಯೇ ಬೇಡವೆಂದು ವಾದಿಸುವವರ ಪಂಗಡಕ್ಕೆ ನಾನು ಸೇರಿದವನಲ್ಲ. ಅಳತೆಯಿಲ್ಲದ ಕಡೆ ಯಜಮಾನನ ಕಣ್ಣೇ ಅಳತೆಯಾಗುತ್ತದೆ, ಮೇಸ್ತ್ರಿಯ ಮರ್ಜಿಯೇ ಮಾನದಂಡವಾಗುತ್ತದೆ. ಬೆಳಗಿನಿಂದ ಬೆವರು ಸುರಿಸಿದವನಿಗೂ ಕಂಬದ ಮರೆಯಲ್ಲಿ ಬೀಡಿ ಸೇದಿದವನಿಗೂ ಒಂದೇ ಕೂಲಿ ಸಿಕ್ಕಿದರೆ, ದುಡಿಯುವವನ ಉತ್ಸಾಹ ಎಷ್ಟು ದಿನ ಉಳಿದೀತು? ಅಳತೆ ಇಲ್ಲದಿರುವುದೂ ಒಂದು ಬಗೆಯ ಅನ್ಯಾಯವೇ. ಆದುದರಿಂದ ಪ್ರಶ್ನೆ ಇರುವುದು ಅಳೆಯಬೇಕೇ ಬೇಡವೇ ಎಂಬುದಲ್ಲ. ಏನನ್ನು ಅಳೆಯಬೇಕು, ಯಾರು ಅಳೆಯಬೇಕು, ಅಳೆದ ಮೇಲೆ ಆ ಅಂಕಿಯಿಂದ ಏನು ಮಾಡಬೇಕು ಎಂಬುದು.

ಅತ್ಯಂತ ಸರಳವಾದ ಅಳತೆಯನ್ನು ನೋಡಬೇಕಾದರೆ ನಮ್ಮ ಮಾರುಕಟ್ಟೆಯ ಹಮಾಲರನ್ನು ನೋಡಬೇಕು. ಅವರಿಗೆ ಚೀಲದ ಲೆಕ್ಕ. ಇಷ್ಟು ಚೀಲ ಹೊತ್ತರೆ ಇಷ್ಟು ಹಣ. ಕೆಲಸ ಕಠಿಣವಾದುದು, ಬೆನ್ನು ಬಾಗಿಸುವಂಥದು. ಆದರೆ ಆ ಲೆಕ್ಕದಲ್ಲಿ ಒಂದು ಗುಣವುಂಟು: ಹಮಾಲನು ತನ್ನ ಲೆಕ್ಕವನ್ನು ತಾನೇ ಎಣಿಸಬಲ್ಲ. ಸಂಜೆ ಸಾಹುಕಾರನು ಹೇಳುವ ಸಂಖ್ಯೆಯೂ ತಾನು ಬೆರಳಿನಲ್ಲಿ ಎಣಿಸಿದ ಸಂಖ್ಯೆಯೂ ಹೊಂದದಿದ್ದರೆ ಅವನು ಅಲ್ಲಿಯೇ ನಿಂತು ಕೇಳಬಲ್ಲ. ಅಕ್ಷರ ಬಾರದವನಿಗೂ ಅರ್ಥವಾಗುವ ಅಳತೆ ಅದು. ಕಾರ್ಖಾನೆ ದೊಡ್ಡದಾದಂತೆ, ಯಂತ್ರ ಜಟಿಲವಾದಂತೆ, ಈ ಗುಣವೇ ಮೊದಲು ಮಾಯವಾಗುತ್ತದೆ.

ದುಡಿಮೆಯ ಅಳತೆಯನ್ನು ಒಂದು ಶಾಸ್ತ್ರವೆಂದು ಮೊದಲು ಸಾರಿದವರು ಅಮೆರಿಕದ ಫ್ರೆಡರಿಕ್ ಟೇಲರ್ ಎಂಬ ಇಂಜಿನಿಯರು. 1911ರಲ್ಲಿ ಪ್ರಕಟವಾದ ಅವರ ಗ್ರಂಥದಲ್ಲಿ ಬರುವ ಒಂದು ಪ್ರಸಂಗ ಲೋಕಪ್ರಸಿದ್ಧವಾಗಿದೆ. ಬೆತ್ಲೆಹೆಮ್ ಉಕ್ಕಿನ ಕಾರ್ಖಾನೆಯಲ್ಲಿ ಕಬ್ಬಿಣದ ಗಟ್ಟಿಗಳನ್ನು ಹೊತ್ತು ರೈಲು ಬಂಡಿಗೆ ತುಂಬುವ ಆಳೊಬ್ಬನು ದಿನಕ್ಕೆ ಸುಮಾರು 12½ ಟನ್ನು ತುಂಬುತ್ತಿದ್ದನಂತೆ. ಟೇಲರರು ಕೈಯಲ್ಲಿ ಗಡಿಯಾರ ಹಿಡಿದು, ಯಾವಾಗ ಎತ್ತಬೇಕು, ಯಾವಾಗ ನಡೆಯಬೇಕು, ಯಾವಾಗ ದಣಿವಾರಿಸಿಕೊಳ್ಳಬೇಕು ಎಂದು ವಿಧಿಸಿದ ಮೇಲೆ ಅದು 47½ ಟನ್ನಿಗೆ ಏರಿತು. ಕೂಲಿಯು 1 ಡಾಲರು 15 ಸೆಂಟಿನಿಂದ 1 ಡಾಲರು 85 ಸೆಂಟಿಗೆ ಏರಿತು. ಕೆಲಸ ಸುಮಾರು ನಾಲ್ಕು ಪಾಲಾಯಿತು. ಕೂಲಿ ಎರಡು ಪಾಲೂ ಆಗಲಿಲ್ಲ. ಕೆಲಸದ ನಡುವೆ ವಿಶ್ರಾಂತಿಯೂ ಬೇಕೆಂದು ಗುರುತಿಸಿದುದು ಟೇಲರರ ಹೆಚ್ಚುಗಾರಿಕೆಯೇ ಸರಿ. ಆದರೆ ಗಡಿಯಾರ ಯಾರ ಕೈಯಲ್ಲಿತ್ತು ಎಂಬುದನ್ನು ನಾವು ಮರೆಯಲಾಗದು. ಹೊರುವವನು ಹೊತ್ತ, ನೋಡುವವನು ಬರೆದುಕೊಂಡ. ಲೆಕ್ಕದ ಪುಸ್ತಕ ಹೊರುವವನ ಕೈಗೆ ಬರಲೇ ಇಲ್ಲ.

ಈಗ ನಮ್ಮ ಊರಿಗೆ ಬರೋಣ. 1930ರ ದಶಕದಲ್ಲಿ ದಾವಣಗೆರೆಯಲ್ಲಿ ಹತ್ತಿ ಗಿರಣಿ ಆರಂಭವಾಯಿತು. ಮುಂದೆ ಒಂದರ ಹಿಂದೊಂದು ಗಿರಣಿಗಳು ಬಂದು, ಈ ಊರಿಗೆ ಕರ್ನಾಟಕದ ಮ್ಯಾಂಚೆಸ್ಟರ್ ಎಂಬ ಹೆಸರಾಯಿತು. ಮಗ್ಗದ ಮುಂದೆ ನಿಂತ ನೇಕಾರನ ದಕ್ಷತೆಯನ್ನು ಹತ್ತಿ ಗಿರಣಿಗಳಲ್ಲಿ ಹೇಗೆ ಲೆಕ್ಕ ಹಾಕುತ್ತಾರೆಂಬುದನ್ನು ಸ್ವಲ್ಪ ವಿವರವಾಗಿ ನೋಡುವುದು ಅವಶ್ಯಕ. ಮಗ್ಗದಲ್ಲಿ ಹಾಸು ನೂಲುಗಳ ನಡುವೆ ಲಾಳಿಯು ಒಮ್ಮೆ ಹಾದುಹೋದರೆ ಅದು ಒಂದು ಹೊಡೆತ. ಮಗ್ಗವು ನಿಮಿಷಕ್ಕೆ 160 ಹೊಡೆತಗಳ ವೇಗದಲ್ಲಿ ಓಡುತ್ತದೆಂದು ಇಟ್ಟುಕೊಳ್ಳೋಣ. ಎಂಟು ಗಂಟೆಯ ಪಾಳಿಯಲ್ಲಿ 480 ನಿಮಿಷಗಳು. ಮಗ್ಗ ಒಂದು ಕ್ಷಣವೂ ನಿಲ್ಲದಿದ್ದರೆ 76,800 ಹೊಡೆತಗಳಾಗಬೇಕು. ಪಾಳಿಯ ಕೊನೆಗೆ ಎಣಿಕೆಯ ಯಂತ್ರವು 61,440 ಎಂದು ತೋರಿಸಿದರೆ ದಕ್ಷತೆ ಶೇಕಡ 80 ಎಂದಾಯಿತು. ನೇಕಾರನ ಹೆಸರಿನ ಮುಂದೆ 80 ಎಂದು ಬರೆದು ಗುಮಾಸ್ತನು ಪುಟ ತಿರುವುತ್ತಾನೆ.

ಆದರೆ ಉಳಿದ ಶೇಕಡ 20 ಎಲ್ಲಿ ಹೋಯಿತು? ಅಂದರೆ ಮಗ್ಗವು 96 ನಿಮಿಷ ನಿಂತಿತ್ತು. ಏತಕ್ಕೆ ನಿಂತಿತ್ತು? ಲೆಕ್ಕದ ಅನುಕೂಲಕ್ಕಾಗಿ ಹೀಗೆ ಭಾವಿಸೋಣ: ವಿದ್ಯುತ್ತು ಹೋಗಿ 30 ನಿಮಿಷ, ಹಾಸು ಸುತ್ತಿದ ಹೊಸ ದಿಂಡು ಬರಲಿಲ್ಲವೆಂದು 25 ನಿಮಿಷ, ಗಂಜಿ ಸರಿಯಾಗಿ ಹಿಡಿಯದ ದುರ್ಬಲ ನೂಲು ಪದೇ ಪದೇ ಕಡಿದು 20 ನಿಮಿಷ, ನೇಕಾರನು ಕಡಿದ ಎಳೆಯನ್ನು ತಡವಾಗಿ ಗಮನಿಸಿದ್ದರಿಂದಲೋ ಗಂಟು ಹಾಕುವಲ್ಲಿ ನಿಧಾನ ಮಾಡಿದ್ದರಿಂದಲೋ 21 ನಿಮಿಷ. ಮೊದಲಿನ ಮೂರು ಕಾರಣಗಳು ಒಟ್ಟು 75 ನಿಮಿಷ. ಇವುಗಳಲ್ಲಿ ಯಾವುದೂ ನೇಕಾರನ ಕೈಯಲ್ಲಿಲ್ಲ. ಅವನ್ನು ಕಳೆದರೆ ಅವನ ಪಾಲಿಗೆ ನಿಜವಾಗಿ ಸಿಕ್ಕಿದ್ದು 405 ನಿಮಿಷ. ಅದರಲ್ಲಿ 384 ನಿಮಿಷ ಅವನು ಮಗ್ಗವನ್ನು ಓಡಿಸಿದ್ದಾನೆ. ಅಂದ ಮೇಲೆ ಅವನ ದಕ್ಷತೆ ಶೇಕಡ 80 ಅಲ್ಲ, ಸುಮಾರು 95. ಪುಸ್ತಕದಲ್ಲಿ ಸಾಧಾರಣನೆನಿಸಿಕೊಂಡವನು ವಾಸ್ತವದಲ್ಲಿ ಉತ್ತಮ ದರ್ಜೆಯ ಕೆಲಸಗಾರ! ಎರಡು ಅಂಕಿಗಳೂ ಸುಳ್ಳಲ್ಲ. ಮೊದಲನೆಯದು ಗಿರಣಿಯ ದಕ್ಷತೆ, ಎರಡನೆಯದು ನೇಕಾರನ ದಕ್ಷತೆ. ಗಿರಣಿಯ ಅಂಕಿಯನ್ನು ತಂದು ನೇಕಾರನ ಹೆಸರಿನ ಮುಂದೆ ಬರೆದುದೇ ಸುಳ್ಳು.

ನೂಲುವ ವಿಭಾಗದಲ್ಲಿಯೂ ಇದೇ ಕಥೆ. ಕದಿರಿನ ಮೇಲೆ ಎಳೆ ಎಷ್ಟು ಬಾರಿ ಕಡಿಯುತ್ತದೆ ಎಂಬುದು ಜೋಡಿಸುವವರ ಬೆರಳಿನ ಚುರುಕಿಗಿಂತ ಹೆಚ್ಚಾಗಿ ಹತ್ತಿಯ ಜಾತಿಯನ್ನು, ಬೆರಕೆಯನ್ನು, ಯಂತ್ರದ ವಯಸ್ಸನ್ನು, ಗಾಳಿಯ ತೇವವನ್ನು ಅವಲಂಬಿಸಿದೆ. ಫಾಲ್ಗುಣ ಚೈತ್ರಗಳಲ್ಲಿ ಬೀಸುವ ನಮ್ಮ ಬಯಲುಸೀಮೆಯ ಒಣಗಾಳಿ ಎಲ್ಲರಿಗೂ ಗೊತ್ತೇ ಇದೆ. ಆ ದಿನಗಳಲ್ಲಿ ಕೋಣೆಗೆ ತೇವ ಹಾಯಿಸುವ ಯಂತ್ರ ಕೆಟ್ಟು ನಿಂತರೆ ಎಳೆ ಕಡಿಯುವುದು ಹೆಚ್ಚುತ್ತದೆ. ಯಂತ್ರವನ್ನು ದುರಸ್ತಿ ಮಾಡಿಸಬೇಕಾದವನ ಹೆಸರು ದಕ್ಷತೆಯ ಪಟ್ಟಿಯಲ್ಲಿ ಇರುವುದಿಲ್ಲ. ಎಳೆ ಜೋಡಿಸುವವರ ಹೆಸರು ಮಾತ್ರ ಇರುತ್ತದೆ.

"ಕುಣಿಯಲಾರದವಳು ನೆಲ ಡೊಂಕು ಎಂದಳಂತೆ" ಎಂಬ ಗಾದೆಯನ್ನು ಇಂಥ ಮಾತಿಗೆ ಉತ್ತರವಾಗಿ ಹೇಳುವುದುಂಟು. ಕೆಲಸಗಾರನು ಏನು ಕಾರಣ ಹೇಳಿದರೂ ಈ ಗಾದೆಯಿಂದ ಅವನ ಬಾಯಿ ಮುಚ್ಚಿಸಬಹುದು. ಆದರೆ ನೆಲವು ನಿಜವಾಗಿಯೂ ಡೊಂಕಾಗಿದ್ದರೆ? ಇದನ್ನು ತಿಳಿಯಲು ಹರಿಹರಕ್ಕೆ ಹೋಗಬೇಕು.

ಕಿರ್ಲೋಸ್ಕರ್ ಮನೆತನದವರ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆಯು ಹರಿಹರದಲ್ಲಿ 1941ರಲ್ಲಿ ಸ್ಥಾಪನೆಯಾಯಿತು. ಯಂತ್ರಗಳನ್ನು ಮಾಡುವ ಯಂತ್ರಗಳನ್ನು, ಮುಖ್ಯವಾಗಿ ಲೇತುಗಳನ್ನು, ತಯಾರಿಸಿ ದೇಶಕ್ಕೆಲ್ಲ ಕಳಿಸಿದ ಕಾರ್ಖಾನೆ ಅದು. ಲೇತಿನಲ್ಲಿ ಕೆಲಸ ಮಾಡುವವರಿಗೆಲ್ಲ ಗೊತ್ತಿರುವ ಒಂದು ಸಂಗತಿಯಿದೆ. ಲೇತನ್ನು ನೆಲದ ಮೇಲೆ ಕೂರಿಸುವಾಗ ಅದರ ಹಾಸು ಸಮಮಟ್ಟದಲ್ಲಿದೆಯೇ ಎಂದು ಮೀಟರಿಗೆ 0.02 ಮಿಲಿಮೀಟರಿನಷ್ಟು ವ್ಯತ್ಯಾಸವನ್ನೂ ತೋರಿಸುವ ರಸಮಟ್ಟವನ್ನಿಟ್ಟು ಪರೀಕ್ಷಿಸುತ್ತಾರೆ. ಅಡಿಪಾಯ ಕುಸಿದು ಹಾಸು ಸ್ವಲ್ಪ ತಿರುಚಿಕೊಂಡರೂ ಸಾಕು, ಉಳಿಯ ದಾರಿ ಓರೆಯಾಗುತ್ತದೆ. ದುಂಡಗೆ ಒಂದೇ ಗಾತ್ರದಲ್ಲಿ ಬರಬೇಕಾದ ಸರಳು ಒಂದು ತುದಿಯಲ್ಲಿ ದಪ್ಪ, ಇನ್ನೊಂದು ತುದಿಯಲ್ಲಿ ಸಣ್ಣ ಆಗುತ್ತದೆ. ಎಷ್ಟೇ ನುರಿತ ಕೆಲಸಗಾರನಾದರೂ ಅಂಥ ಲೇತಿನಲ್ಲಿ ಸರಾಗವಾಗಿ ನೆಟ್ಟನೆಯ ಸರಳನ್ನು ತೆಗೆಯಲಾರ. ತಪಾಸಣೆಯವನು ಅಳತೆಗೋಲು ಹಾಕಿ, ಹೊಂದಲಿಲ್ಲವೆಂದು ಆ ಸರಳನ್ನು ಪಕ್ಕಕ್ಕೆ ಎಸೆದಾಗ ಲೆಕ್ಕವು ಯಾರ ತಲೆಗೆ ಬರುತ್ತದೆ? ಇಲ್ಲಿ ಕುಣಿಯುವವನಿಗೆ ಕುಣಿತ ಬರುತ್ತದೆ, ನೆಲವೇ ಡೊಂಕು! ಲೇತಿನ ಹಾಸನ್ನು ಮಟ್ಟ ಹಾಕಿ ನೋಡಿದ ಮೇಲೆಯೇ ಕೆಲಸಗಾರನ ಕೈಯನ್ನು ಪರೀಕ್ಷಿಸಬೇಕು. ಇದು ಯಂತ್ರಶಾಲೆಯ ಸಾಮಾನ್ಯ ನಿಯಮ. ಮನುಷ್ಯರನ್ನು ಅಳೆಯುವ ಕಡೆಗೂ ಇದೇ ನಿಯಮ ಸಲ್ಲಬೇಕೆಂಬುದೇ ನನ್ನ ವಾದದ ತಿರುಳು.

ಗುಣವಿಚಾರದಲ್ಲಿ ವಿಶ್ವವಿಖ್ಯಾತರಾದ ಎಡ್ವರ್ಡ್ಸ್ ಡೆಮಿಂಗ್ ಎಂಬ ಅಮೆರಿಕದ ವಿದ್ವಾಂಸರೂ ಇದನ್ನೇ ಪ್ರತಿಪಾದಿಸಿದರು. 1950ರಲ್ಲಿ ಜಪಾನಿಗೆ ಹೋಗಿ ಅಲ್ಲಿಯ ಉದ್ಯಮಿಗಳಿಗೆ ಪಾಠ ಹೇಳಿದವರು ಅವರು. ಕೆಲಸದಲ್ಲಿ ಕಾಣುವ ದೋಷಗಳಲ್ಲಿ ನೂರಕ್ಕೆ 94 ಪಾಲು ವ್ಯವಸ್ಥೆಯವು, ಅವುಗಳ ಹೊಣೆ ಆಡಳಿತ ವರ್ಗದ್ದು ಎಂದು ಅವರ ಅಂದಾಜು. ಈ ಅಂಕಿಯನ್ನು ವೇದವಾಕ್ಯವೆಂದು ಹಿಡಿಯಬೇಕಾಗಿಲ್ಲ. ಆದರೆ ವರ್ಷಕ್ಕೊಮ್ಮೆ ವ್ಯಕ್ತಿಗಳಿಗೆ ಅಂಕ ಹಾಕುವ ಪದ್ಧತಿಯನ್ನೇ ಅವರು ಕಟುವಾಗಿ ವಿರೋಧಿಸಿದರೆಂಬುದು ಗಮನಾರ್ಹ.

ಇನ್ನು ಕೆಲವು ಕೆಲಸಗಳಲ್ಲಿ ಒಬ್ಬನನ್ನೇ ಬಿಡಿಸಿ ಅಳೆಯುವುದು ಸಾಧ್ಯವೇ ಇಲ್ಲ. ಹರಿಹರದ ಆಚೆಗೆ, ತುಂಗಭದ್ರೆಯ ಇನ್ನೊಂದು ದಡದಲ್ಲಿ, ಕುಮಾರಪಟ್ಟಣದಲ್ಲಿ 1972ರಿಂದ ಹರಿಹರ ಪಾಲಿಫೈಬರ್ಸ್ ನಡೆಯುತ್ತಿದೆ. ಮರವನ್ನು ಬೇಯಿಸಿ ರೇಯಾನಿಗೆ ಬೇಕಾದ ತಿರುಳನ್ನು ತೆಗೆಯುವ ಉದ್ಯಮವದು. ಇಂಥ ಉದ್ಯಮದಲ್ಲಿ ಮರ ಚೂರಾಗುವುದು, ಬೇಯುವುದು, ತೊಳೆಯುವುದು, ಬಿಳುಪಾಗುವುದು, ಒಣಗುವುದು ಎಲ್ಲವೂ ಹರಿಯುವ ನೀರಿನಂತೆ ಒಂದರಿಂದ ಇನ್ನೊಂದಕ್ಕೆ ಸಾಗುತ್ತಿರುತ್ತದೆ. ಇದರಲ್ಲಿ ಒಂದು ಟನ್ನು ತಿರುಳು ಯಾರ ದುಡಿಮೆ? ಬೇಯಿಸಿದವನದೇ, ತೊಳೆದವನದೇ? ಹಬ್ಬದ ಹೋಳಿಗೆಯಲ್ಲಿ ಹೂರಣ ಅರೆದವಳ ಪಾಲು ಎಷ್ಟು, ಲಟ್ಟಿಸಿದವಳ ಪಾಲು ಎಷ್ಟು ಎಂದು ಕೇಳಿದಂತೆ! ಇಂಥ ಕಡೆ ಅಳೆಯಬೇಕಾದುದು ತಂಡವನ್ನು.

ತಂಡವನ್ನು ನಂಬಿ ನಡೆದ ಒಂದು ಪ್ರಯೋಗ ನಮ್ಮ ದೇಶದಲ್ಲಿಯೇ ನಡೆದಿದೆ. 1953ರಲ್ಲಿ ಅಹಮದಾಬಾದಿನ ಕ್ಯಾಲಿಕೊ ಮಿಲ್ಲಿನವರು ಲಂಡನ್ನಿನ ಟ್ಯಾವಿಸ್ಟಾಕ್ ಸಂಸ್ಥೆಯ ಎ. ಕೆ. ರೈಸ್ ಎಂಬ ತಜ್ಞರನ್ನು ಕರೆಸಿದರು. ಹೊಸ ಸ್ವಯಂಚಾಲಿತ ಮಗ್ಗಗಳು ಬಂದಿದ್ದರೂ ಉತ್ಪಾದನೆ ನಿರೀಕ್ಷೆಯ ಮಟ್ಟಕ್ಕೆ ಬಂದಿರಲಿಲ್ಲ. ಅಲ್ಲಿಯವರೆಗೆ ಪ್ರತಿಯೊಬ್ಬನಿಗೂ ಒಂದೊಂದು ಚೂರು ಕೆಲಸ. ಯಾರೂ ಯಾರಿಗೂ ಸೇರಿದವರಲ್ಲ. ಇಷ್ಟು ಮಗ್ಗಗಳು ಇಷ್ಟು ಜನರ ತಂಡಕ್ಕೆ ಸೇರಿದವು, ಅವುಗಳ ಒಳಿತು ಕೆಡಕು ಅವರದೇ ಎಂದು ಏರ್ಪಾಡು ಮಾಡಿದ ಮೇಲೆ ದಕ್ಷತೆ ಏರಿತು, ಬಟ್ಟೆಯಲ್ಲಿ ದೋಷ ಇಳಿಯಿತು. ಯಂತ್ರ ಅದೇ, ಸಂಬಂಧ ಬೇರೆಯಾಗಿತ್ತು.

ಅಳತೆಗೂ ನಂಬಿಕೆಗೂ ಇರುವ ನಂಟನ್ನು ತೋರಿಸುವ ಇನ್ನೊಂದು ನಿದರ್ಶನವನ್ನು ಕೊಡುತ್ತೇನೆ. ಅಮೆರಿಕದ ಷಿಕಾಗೊ ಬಳಿಯ ಹಾಥಾರ್ನ್ ಕಾರ್ಖಾನೆಯಲ್ಲಿ 1924ರಿಂದ 1932ರವರೆಗೆ ಪ್ರಸಿದ್ಧವಾದ ಅನೇಕ ಪ್ರಯೋಗಗಳು ನಡೆದವು. ಅವುಗಳಲ್ಲಿ ಕೊನೆಯದರಲ್ಲಿ, ಟೆಲಿಫೋನು ಉಪಕರಣಗಳಿಗೆ ತಂತಿ ಜೋಡಿಸುವ 14 ಮಂದಿಯನ್ನು ಒಂದು ಕೋಣೆಯಲ್ಲಿ ಕೂರಿಸಿ ಗಮನಿಸಿದರು. ಹೆಚ್ಚು ಮಾಡಿದರೆ ಹೆಚ್ಚು ಹಣವೆಂದಿದ್ದರೂ ಅವರು ತಮ್ಮತಮ್ಮಲ್ಲೇ ಒಂದು ಮಿತಿಯನ್ನು ಗೊತ್ತುಮಾಡಿಕೊಂಡು ಅದಕ್ಕಿಂತ ಹೆಚ್ಚು ಮಾಡುತ್ತಿರಲಿಲ್ಲ. ಮಿತಿ ಮೀರಿದವನನ್ನು ಹಾಸ್ಯ ಮಾಡಿ ಹಿಂದಕ್ಕೆಳೆಯುತ್ತಿದ್ದರು. ಏಕೆ? ಇಂದು ಹೆಚ್ಚು ಮಾಡಿದರೆ ನಾಳೆ ದರವನ್ನೇ ಇಳಿಸುತ್ತಾರೆ, ಅಥವಾ ಅಷ್ಟೊಂದು ಜನ ಬೇಡವೆಂದು ಕೆಲವರನ್ನು ಮನೆಗೆ ಕಳಿಸುತ್ತಾರೆ ಎಂಬ ಭಯ. ಇದನ್ನು ಸೋಮಾರಿತನವೆನ್ನಬೇಕೆ? ಅಳತೆಯನ್ನು ತನ್ನ ಮೇಲೆ ಬೀಸುವ ಕೋಲೆಂದು ತಿಳಿದವನು ಅದರಿಂದ ತಪ್ಪಿಸಿಕೊಳ್ಳುವ ದಾರಿ ಹುಡುಕುವುದು ಸ್ವಾಭಾವಿಕ. ನಂಬಿಕೆಯಿಲ್ಲದ ಕಡೆ ಎಷ್ಟೇ ಸೂಕ್ಷ್ಮವಾದ ಅಳತೆಯೂ ನಿಜವನ್ನು ತೋರಿಸುವುದಿಲ್ಲ. ಭಯವು ಎಷ್ಟಿದೆಯೆಂಬುದನ್ನು ಮಾತ್ರ ತೋರಿಸುತ್ತದೆ.

ಕಾರ್ಮಿಕರ ಕಣ್ಣೂ ತಕ್ಕಡಿಯ ಮೇಲಿರಬೇಕೆಂಬುದು ನಮ್ಮ ಊರಿಗೆ ಹೊಸ ಮಾತಲ್ಲ. ಕಾರ್ಮಿಕ ಸಂಘಗಳು ಬಲವಾಗಿದ್ದ ಊರಿದು. ಕಾರ್ಮಿಕ ಮುಖಂಡರಾದ ಕಾಮ್ರೇಡ್ ಪಂಪಾಪತಿಯವರನ್ನು ಇಲ್ಲಿಯ ಜನರು 1978, 1983 ಮತ್ತು 1985ರಲ್ಲಿ ವಿಧಾನಸಭೆಗೆ ಆರಿಸಿ ಕಳಿಸಿದರು. ಅವರ ರಾಜಕೀಯವನ್ನು ಒಪ್ಪುವವರೂ ಇದ್ದಾರೆ, ಒಪ್ಪದವರೂ ಇದ್ದಾರೆ. ಪ್ರಕೃತ ವಿಷಯಕ್ಕೆ ಅದು ಸೇರಿದುದಲ್ಲ. ತಮ್ಮ ದುಡಿಮೆಯ ಬೆಲೆಯನ್ನು ಕಟ್ಟುವಲ್ಲಿ ತಮ್ಮ ಮಾತೂ ಇರಬೇಕೆಂದು ಇಲ್ಲಿಯ ದುಡಿಯುವ ಜನ ಬಯಸಿದ್ದರು ಎಂಬುದಷ್ಟೇ ನನಗೆ ಬೇಕಾದುದು. 1965ರ ಬೋನಸ್ ಕಾಯಿದೆಗೆ ಮುಂದಿನ ದಶಕದಲ್ಲಿ ಸೇರಿಸಿದ ಒಂದು ಕಲಮಿನಲ್ಲಿಯೂ, ಲಾಭದ ಬದಲು ಉತ್ಪಾದನೆಯನ್ನು ಅಳೆದು ಬೋನಸ್ ಕೊಡಬೇಕಾದರೆ ಅದು ಕಾರ್ಮಿಕರೊಂದಿಗೆ ಮಾಡಿಕೊಂಡ ಒಪ್ಪಂದದ ಮೂಲಕವೇ ಆಗಬೇಕೆಂದಿತ್ತು. ಒಬ್ಬರೇ ಅಳೆಯುವ ಅಳತೆ ಸಾಲದೆಂಬುದನ್ನು ಕಾನೂನೂ ಕಂಡುಕೊಂಡಿತ್ತು.

ಇಷ್ಟೆಲ್ಲ ಅಳೆದ ಗಿರಣಿಗಳು ಏನಾದವು? ಕಳೆದ ಶತಮಾನದ ಕೊನೆಯ ಎರಡು ದಶಕಗಳಲ್ಲಿ ದಾವಣಗೆರೆಯ ಗಿರಣಿಗಳು ಒಂದೊಂದಾಗಿ ಬಾಗಿಲು ಮುಚ್ಚಿದವು. ಈ ಶತಮಾನದ ಆರಂಭದಲ್ಲಿ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆಯೂ ನಿಂತುಹೋಯಿತು. ದೇಶದ ಹತ್ತಿ ಗಿರಣಿಗಳೆಲ್ಲ ಆ ಕಾಲದಲ್ಲಿ ಹಳೆಯ ಯಂತ್ರಗಳಿಂದಲೂ ವಿದ್ಯುತ್ ಮಗ್ಗಗಳ ಪೈಪೋಟಿಯಿಂದಲೂ ಸಂಕಟಕ್ಕೊಳಗಾಗಿದ್ದವು. ಲೇತಿನ ಉದ್ಯಮಕ್ಕೆ 1991ರ ನಂತರ ಹೊರದೇಶದ ಯಂತ್ರಗಳ ಸ್ಪರ್ಧೆ ಎದುರಾಯಿತು. ಗಣಕದಿಂದ ನಡೆಯುವ ಯಂತ್ರಗಳು ಬಂದವು. ಬಂಡವಾಳವನ್ನು ಎಲ್ಲಿ ಹೂಡಬೇಕು, ಹಳೆಯ ಯಂತ್ರವನ್ನು ಯಾವಾಗ ಬದಲಿಸಬೇಕು, ಯಾವ ಮಾಲನ್ನು ಮಾಡಬೇಕು ಎಂಬ ನಿರ್ಧಾರಗಳು ಯಾವ ನೇಕಾರನ, ಯಾವ ಲೇತಿನವನ ದಕ್ಷತೆಯ ಪಟ್ಟಿಯಲ್ಲಿಯೂ ಇರುವುದಿಲ್ಲ. ದಿನವೂ ಅಳೆಸಿಕೊಂಡವನು ಕೆಲಸ ಕಳೆದುಕೊಂಡ. ಉಳಿದ ನಿರ್ಧಾರಗಳನ್ನು ಅಷ್ಟೇ ನಿಷ್ಠುರವಾಗಿ ದಿನವೂ ಅಳೆಯುವ ಪುಸ್ತಕ ಎಲ್ಲಿಯಾದರೂ ಇತ್ತೇ?

ಹರಿಹರದಲ್ಲಿ ತಯಾರಾದ ಟರ್ನ್‌ಮಾಸ್ಟರ್, ಎಂಟರ್‌ಪ್ರೈಸ್ ಲೇತುಗಳು ಕಾರ್ಖಾನೆ ನಿಂತು ಎರಡು ದಶಕಗಳು ಕಳೆದ ಮೇಲೂ ಸಣ್ಣ ಸಣ್ಣ ಯಂತ್ರಶಾಲೆಗಳಲ್ಲಿ ತಿರುಗುತ್ತಿವೆ. ಹಳೆಯ ಯಂತ್ರಗಳ ವ್ಯಾಪಾರದಲ್ಲಿ ಅವುಗಳಿಗೆ ಇನ್ನೂ ಗಿರಾಕಿಯುಂಟು. ಆ ಲೇತುಗಳ ಹಾಸನ್ನು ಕೆರೆದು ಮಟ್ಟ ಮಾಡಿದ ಕೈಗಳ ನಿಜವಾದ ದಕ್ಷತೆ ಯಾವುದು? ಪಾಳಿಯ ಕೊನೆಗೆ ಗುಮಾಸ್ತನು ಬರೆದುಕೊಂಡ ಅಂಕಿಯೇ, ಅಥವಾ ಮೂವತ್ತು ನಲವತ್ತು ವರ್ಷಗಳ ಮೇಲೂ ನೆಟ್ಟಗೆ ಸರಳು ತೆಗೆಯುತ್ತಿರುವ ಆ ಲೇತೇ? ಕೆಲವು ಒಳ್ಳೆಯ ಕೆಲಸದ ಫಲ ವರ್ಷದ ಲೆಕ್ಕದೊಳಗೆ ಕಾಣಿಸುವುದೇ ಇಲ್ಲ. ಅಳೆಯುವವನಿಗೆ ಈ ವಿನಯ ಇರಬೇಕು.

ಗಿರಣಿಗಳ ಕಾಲ ಮುಗಿಯಿತೆಂದು ನಾವು ನಿಶ್ಚಿಂತರಾಗುವಂತಿಲ್ಲ. ಹೊಸ ಕಂಪನಿಗಳಲ್ಲಿ ಹೊಸ ತಕ್ಕಡಿಗಳು ಬಂದಿವೆ. ಒಂದು ತಂಡದಲ್ಲಿ ಹತ್ತು ಜನರಿದ್ದರೆ, ಹತ್ತು ಜನರೂ ಚೆನ್ನಾಗಿ ಕೆಲಸ ಮಾಡಿದ್ದರೂ ಇಬ್ಬರಿಗೆ ಮಾತ್ರ ಉತ್ತಮ ಶ್ರೇಣಿ, ಒಬ್ಬನಿಗೆ ಕಡ್ಡಾಯವಾಗಿ ಅಧಮ ಶ್ರೇಣಿ ಎಂಬ ಪದ್ಧತಿಯು ಅನೇಕ ದೊಡ್ಡ ಸಂಸ್ಥೆಗಳಲ್ಲಿ ನಡೆದು ಬಂದಿತು. ಇದು ಅಳತೆಯೇ ಅಲ್ಲ. ಹತ್ತು ಚೀಲ ಒಳ್ಳೆಯ ಭತ್ತವನ್ನು ತಂದರೂ ಒಂದು ಚೀಲವನ್ನು ಜೊಳ್ಳೆಂದು ಬರೆಯಲೇಬೇಕು ಎಂದರೆ ಯಾವ ರೈತ ಒಪ್ಪಿಯಾನು? ಸಹೋದ್ಯೋಗಿಗೆ ಸಹಾಯ ಮಾಡಿದರೆ ತನ್ನ ಶ್ರೇಣಿ ಇಳಿಯುವುದೆಂಬ ಸ್ಥಿತಿ ಬಂದರೆ ತಂಡವು ಒಡೆಯುತ್ತದೆ. ಮೈಕ್ರೋಸಾಫ್ಟ್ ಸಂಸ್ಥೆಯು ಈ ಪದ್ಧತಿಯನ್ನು 2013ರಲ್ಲಿ ಕೈಬಿಟ್ಟಿತು.

ಇನ್ನು ಮೊಬೈಲು ಫೋನಿನ ಮೂಲಕ ಕೆಲಸ ಪಡೆದು ಊಟ, ಸಾಮಾನುಗಳನ್ನು ತಲುಪಿಸುವ ನಮ್ಮ ವಯಸ್ಸಿನ ಯುವಕರ ಸ್ಥಿತಿ ಇನ್ನೂ ವಿಚಿತ್ರ. ಅವರಿಗೆ ಮೇಸ್ತ್ರಿಯೇ ಇಲ್ಲ; ಕಣ್ಣಿಗೆ ಕಾಣದ ಗಣಕಸೂತ್ರವೇ ಮೇಸ್ತ್ರಿ. ಹೋಟೆಲಿನಲ್ಲಿ ತಿಂಡಿ ತಡವಾಯಿತು, ರೈಲ್ವೆ ಗೇಟು ಬಿದ್ದಿತ್ತು, ಮಳೆ ಬಂತು. ನಕ್ಷತ್ರ ಕಡಿಮೆಯಾಗುವುದು ತಲುಪಿಸಿದವನದು. ಮಗ್ಗದ ಮುಂದೆ ನಿಂತವನ 75 ನಿಮಿಷಗಳ ಕಥೆಯೇ ಇಲ್ಲಿಯೂ ನಡೆಯುತ್ತಿದೆ. ಕರ್ನಾಟಕ ಸರ್ಕಾರವು 2025ರಲ್ಲಿ ಇಂಥ ಕೆಲಸಗಾರರ ಸಾಮಾಜಿಕ ಭದ್ರತೆಗಾಗಿ ಕಾನೂನು ಮಾಡಿ, ಅವರ ಕೆಲಸವನ್ನು ನಿರ್ಧರಿಸುವ ಗಣಕ ವ್ಯವಸ್ಥೆಗಳ ವಿಷಯದಲ್ಲಿ ಪಾರದರ್ಶಕತೆ ಇರಬೇಕೆಂದು ವಿಧಿಸಿರುವುದು ಸ್ವಾಗತಾರ್ಹ. ತಕ್ಕಡಿಯ ಅಂಕಿಗಳನ್ನು ದುಡಿಯುವವನ ಕಡೆಗೂ ತಿರುಗಿಸುವ ಪ್ರಯತ್ನವಿದು.

ಪೂಜ್ಯ ಅಧ್ಯಾಪಕರಿಗೂ ಈ ನೋವು ಅಪರಿಚಿತವೇನಲ್ಲ. 2010ರಲ್ಲಿ ವಿಶ್ವವಿದ್ಯಾನಿಲಯ ಅನುದಾನ ಆಯೋಗವು ಅಧ್ಯಾಪಕರ ಸಾಧನೆಗೆ ಅಂಕ ಕೊಡುವ ಪದ್ಧತಿಯನ್ನು ತಂದಿತು. ಅಚ್ಚಾದ ಪ್ರತಿಯೊಂದು ಪ್ರಬಂಧಕ್ಕೂ ಇಷ್ಟು ಅಂಕವೆಂದಾಗ, ಹಣ ಕೊಟ್ಟರೆ ಏನನ್ನಾದರೂ ಅಚ್ಚು ಹಾಕುವ ಪತ್ರಿಕೆಗಳು ಮಳೆಗಾಲದ ಅಣಬೆಗಳಂತೆ ಹುಟ್ಟಿಕೊಂಡವು. ತರಗತಿಯಲ್ಲಿ ಮನಮುಟ್ಟುವಂತೆ ಪಾಠ ಹೇಳುವ, ಸಂಜೆ ಗ್ರಂಥಾಲಯದಲ್ಲಿ ಬಡ ವಿದ್ಯಾರ್ಥಿಯ ಪಕ್ಕದಲ್ಲಿ ಕುಳಿತು ಸಂದೇಹ ಪರಿಹರಿಸುವ ಗುರುಗಳ ಆ ಕೆಲಸವನ್ನು ಯಾವ ಅಂಕಣದಲ್ಲಿ ತುಂಬಬೇಕು? ಅಳತೆಯೇ ಗುರಿಯಾದಾಗ ಜನರು ಕೆಲಸವನ್ನು ಬಿಟ್ಟು ಅಳತೆಯನ್ನು ತುಂಬಿಸಲು ತೊಡಗುತ್ತಾರೆ. ವಿದ್ಯಾರ್ಥಿಗಳಾದ ನಾವೂ ಜ್ಞಾನವನ್ನು ಬಿಟ್ಟು ಪ್ರಶ್ನೋತ್ತರದ ಗೈಡುಗಳನ್ನು ಕೊಂಡುಕೊಳ್ಳುವುದಿಲ್ಲವೇ?

ನನ್ನ ಮಾತಿಗೆ ಒಂದು ಬಲವಾದ ಆಕ್ಷೇಪಣೆಯುಂಟು. "ಅಳೆಸಿಕೊಳ್ಳುವವನನ್ನೇ ಅಳತೆಗೆ ಸೇರಿಸಿಕೊಂಡರೆ ಅವನು ಅದನ್ನು ಸಡಿಲ ಮಾಡಿಕೊಳ್ಳುವುದಿಲ್ಲವೇ? ಪರೀಕ್ಷೆ ಬರೆಯುವವನೇ ಪ್ರಶ್ನೆಪತ್ರಿಕೆ ತೆಗೆದಂತಾಗುವುದಿಲ್ಲವೇ?" ಈ ಭಯಕ್ಕೆ ಆಧಾರವಿಲ್ಲದಿಲ್ಲ. ಸಂಘದ ಬಲವನ್ನು ಸೋಮಾರಿಗಳ ರಕ್ಷಣೆಗೆ ಬಳಸಿದ ಸಂದರ್ಭಗಳೂ ಲೋಕದಲ್ಲಿವೆ. ಆದರೆ ನಾನು ಕೇಳುತ್ತಿರುವುದು ಕೆಲಸಗಾರನ ಕೈಗೇ ತಕ್ಕಡಿ ಕೊಡಿ ಎಂದಲ್ಲ. ರೈತನು ಮುಳ್ಳನ್ನು ನೋಡುತ್ತಾನೆಯೇ ಹೊರತು ತೂಕದ ಕಲ್ಲನ್ನು ತಾನೇ ಮಾಡಿ ತರುವುದಿಲ್ಲ. ಇಬ್ಬರೂ ನೋಡುವ ತಕ್ಕಡಿಯಲ್ಲಿ ಮೋಸ ಮಾಡುವುದು ಒಬ್ಬನೇ ನೋಡುವ ತಕ್ಕಡಿಗಿಂತ ಕಷ್ಟ. ಜೊತೆಗೆ, ಪಕ್ಕದ ಮಗ್ಗದವನ ಸೋಮಾರಿತನ ಮೇಲಧಿಕಾರಿಗೆ ಗೊತ್ತಾಗುವ ಮೊದಲು ಗೊತ್ತಾಗುವುದು ಅವನ ಜೊತೆ ದುಡಿಯುವವನಿಗೇ. ನ್ಯಾಯವಾದ ಅಳತೆಯು ಮೈಗಳ್ಳನಿಗೆ ಆಶ್ರಯವಾಗಲಾರದು.

ಹಾಗಾದರೆ ಯಾವುದೇ ಸಂಸ್ಥೆಯಲ್ಲಿ ದುಡಿಮೆಯ ಅಳತೆಯು ಹೇಗಿರಬೇಕೆಂದು ನನ್ನ ಅಲ್ಪಮತಿಗೆ ತೋಚಿದುದನ್ನು ಹೇಳಿ ಮುಗಿಸುತ್ತೇನೆ. ಒಂದನೆಯದು, ಕೆಲಸಗಾರನ ಕೈಯಲ್ಲಿರುವುದನ್ನೂ ಇಲ್ಲದಿರುವುದನ್ನೂ ಬೇರೆ ಬೇರೆ ಅಂಕಣಗಳಲ್ಲಿ ಬರೆಯಬೇಕು. ನಿಂತ ಪ್ರತಿಯೊಂದು ನಿಮಿಷಕ್ಕೂ ಕಾರಣ ಬರೆಯಬೇಕು. ಎರಡನೆಯದು, ಹಮಾಲನು ಚೀಲ ಎಣಿಸಿಕೊಳ್ಳುವಂತೆ, ತನ್ನ ಅಂಕಿ ಹೇಗೆ ಬಂತೆಂಬುದನ್ನು ಪ್ರತಿಯೊಬ್ಬನೂ ತಾನೇ ಲೆಕ್ಕ ಹಾಕಿ ನೋಡುವಂತಿರಬೇಕು. ತಪ್ಪಿದ್ದರೆ ಕೇಳುವ ಹಕ್ಕಿರಬೇಕು. ಮೂರನೆಯದು, ಒಟ್ಟಾಗಿ ಮಾಡುವ ಕೆಲಸವನ್ನು ಒಟ್ಟಾಗಿಯೇ ಅಳೆಯಬೇಕು. ನಾಲ್ಕನೆಯದು, ಅಳೆದ ಅಂಕಿಯನ್ನು ಮೊದಲು ಕೆಲಸದ ದೋಷವನ್ನು ಕಂಡುಹಿಡಿಯಲು ಬಳಸಬೇಕು. ಮನುಷ್ಯನ ದೋಷವನ್ನು ಹುಡುಕುವುದು ಆಮೇಲಿನ ಮಾತು. ಐದನೆಯದಾಗಿ, ಕೆಳಗಿನವನನ್ನು ಅಳೆಯುವಷ್ಟೇ ಶ್ರದ್ಧೆಯಿಂದ ಮೇಲಿನವನ ನಿರ್ಧಾರಗಳನ್ನೂ ಅಳೆಯಬೇಕು. ತಕ್ಕಡಿಗೆ ಎರಡು ತಟ್ಟೆಗಳಿರುವುದು ಏತಕ್ಕೆ?

ಕಾಯಕಕ್ಕೆ ಈ ನಾಡು ಕೊಟ್ಟ ಗೌರವವನ್ನು ನಾವು ವೇದಿಕೆಗಳ ಮೇಲೆ ಮತ್ತೆ ಮತ್ತೆ ಕೊಂಡಾಡುತ್ತೇವೆ. ಕೊಂಡಾಡುವುದು ಸುಲಭ, ನ್ಯಾಯವಾಗಿ ತೂಗುವುದು ಕಷ್ಟ. ಸಹಪಾಠಿಗಳೇ, ನಮ್ಮಲ್ಲಿ ಅನೇಕರು ನಾಳೆ ಅಳೆಸಿಕೊಳ್ಳುವವರಾಗುತ್ತೇವೆ; ಕೆಲವರು ಅಧಿಕಾರಿಗಳಾಗಿ ಅಳೆಯುವವರೂ ಆಗುತ್ತೇವೆ. ಅಳೆಸಿಕೊಳ್ಳುವವರಾದಾಗ, ಮುಳ್ಳು ಎಲ್ಲಿ ನಿಂತಿದೆಯೆಂದು ಧೈರ್ಯವಾಗಿ ಕೇಳೋಣ. ಅಳೆಯುವವರಾದಾಗ, ಇನ್ನೊಬ್ಬನ ಹೆಸರಿನ ಮುಂದೆ ಅಂಕಿ ಬರೆಯುವ ಮೊದಲು ಅವನು ನಿಂತ ನೆಲಕ್ಕೆ ಒಮ್ಮೆ ರಸಮಟ್ಟವನ್ನಿಟ್ಟು ನೋಡೋಣ.